ಯುಕೆ ಮನೆಯ ಗ್ಯಾಸ್ ಬಾಯ್ಲರ್ ಕಂಟ್ರೋಲ್ ಸೆಟ್ ಮಾಡೋದು: ಹೀಟಿಂಗ್, ಬಿಸಿನೀರು ಎರಡಕ್ಕೂ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಬಂತಂದ್ರೆ ಯುಕೆಯಲ್ಲಿರೋ ನಮ್ಮವರು ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಥರ್ಮೋಸ್ಟಾಟ್ 25ಕ್ಕೆ ಇಟ್ರೂ ಬೆಡ್‌ರೂಮ್ ತಣ್ಣಗಿದೆ, ಸ್ನಾನದ ಮಧ್ಯೆ ನೀರು ತಣ್ಣಗಾಗತ್ತೆ, ಹೀಟಿಂಗ್ ಆಫ್ ಮಾಡಿದ್ರೂ ರೇಡಿಯೇಟರ್ ಬಿಸಿ, ಬಿಲ್ ಮಾತ್ರ ಏರ್ತಾನೇ ಇದೆ. ಬಾಯ್ಲರ್ ಕೆಟ್ಟಿರೋದು ಕಮ್ಮಿ ಸಲ, ಸೆಟ್ಟಿಂಗ್ ಕಲಸುಮೇಲೋಗರ ಆಗಿರೋದೇ ಜಾಸ್ತಿ, ಯಾಕಂದ್ರೆ ಈ ವ್ಯವಸ್ಥೆಯಲ್ಲಿ ಟೆಂಪರೇಚರ್ ಅಂತ ಬರೆದಿರೋ ಜಾಗ ಕನಿಷ್ಠ ಮೂರು-ನಾಲ್ಕಿವೆ, ಒಂದೊಂದರ ಕೆಲಸ ಬೇರೆ, ನಾವು ಚಳಿ ಆದಾಗ ಕೈಗೆ ಸಿಕ್ಕಿದ್ದನ್ನ ತಿರುಗಿಸಿಬಿಡ್ತೀವಿ.

ಕೆಳಗಿನ ಕ್ರಮ ಬದಲಿಸಬೇಡಿ. ಮೊದಲು ಬಾಯ್ಲರ್, ಆಮೇಲೆ ಗೋಡೆ ಮೇಲಿನ ಥರ್ಮೋಸ್ಟಾಟ್, ಕೊನೆಗೆ ರೇಡಿಯೇಟರ್. ತುಂಬಾ ಜನ ಉಲ್ಟಾ ಕಡೆಯಿಂದ ಶುರು ಮಾಡ್ತಾರೆ, ಅಲ್ಲೇ ಎಡವಟ್ಟು.

ಬೇಕಾಗೋ ಸಾಮಾನು: ರೇಡಿಯೇಟರ್ ಕೀ (ಹಾರ್ಡ್‌ವೇರ್ ಅಂಗಡೀಲಿ ಒಂದೆರಡು ಪೌಂಡ್), ಹಳೇ ಟವೆಲ್, ಒಂದು ಸಾಧಾರಣ ಥರ್ಮಾಮೀಟರ್, ಥರ್ಮೋಸ್ಟಾಟ್‌ಗೆ ಹೊಸ ಬ್ಯಾಟರಿ, ಬಾಯ್ಲರ್ ಮಾಡೆಲ್‌ನ ಯೂಸರ್ ಮ್ಯಾನ್ಯುಯಲ್. ವೈಲಂಟ್, ವೂಸ್ಟರ್ ಬಾಷ್, ಐಡಿಯಲ್, ಬ್ಯಾಕ್ಸಿ ಯಾವುದಾದ್ರೂ ಸರಿ, ಕಂಪನಿ ಸೈಟಲ್ಲಿ ಮಾಡೆಲ್ ಹೆಸರು ಹಾಕಿದ್ರೆ ಪಿಡಿಎಫ್ ಸಿಗತ್ತೆ.

ಒಂದು ಗೆರೆ ಮಾತ್ರ ದಾಟಬೇಡಿ. ಬಾಯ್ಲರ್‌ನ ಮುಂಭಾಗದ ಬಟನ್, ನಾಬ್, ಡಿಸ್‌ಪ್ಲೇ ನಿಮ್ಮದು. ಸ್ಕ್ರೂ ಬಿಚ್ಚಿ ತೆಗೆಯೋ ಕವರ್ ನಿಮ್ಮದಲ್ಲ, ಅದು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿರೋ (ಗ್ಯಾಸ್ ಕೆಲಸಕ್ಕೆ ಅಧಿಕೃತರಾದವರ ಪಟ್ಟಿ) ಎಂಜಿನಿಯರ್ ಕೆಲಸ. ಬಾಡಿಗೆ ಮನೆ ಆದ್ರೆ ವೈರಿಂಗ್ ಮುಟ್ಟೋ ಮುಂಚೆ ಲ್ಯಾಂಡ್‌ಲಾರ್ಡ್‌ಗೆ ಒಂದು ಇಮೇಲ್ ಹಾಕಿಬಿಡಿ.

## ಹಂತ 1: ನಿಮ್ಮ ಮನೇಲಿರೋದು ಯಾವ ಸಿಸ್ಟಂ

ಇದನ್ನ ಗೊತ್ತು ಮಾಡ್ಕೊಳ್ಳದೆ ಬೇರೆಯವರ ಸಲಹೆ ಕೇಳಿ ನಾಬ್ ತಿರುಗಿಸೋದೇ ಮೊದಲನೇ ತಪ್ಪು. ಪಕ್ಕದ ಮನೆಯವರು 55 ಅಂದ್ರು ಅಂತ ನೀವೂ 55 ಮಾಡಿದ್ರೆ ನಿಮ್ಮನೇಲಿ ಬಿಸಿನೀರೇ ಸರಿಯಾಗಿ ಕಾಯದೆ ಹೋಗಬಹುದು.

ಮನೆಯ ಕಪಾಟುಗಳನ್ನ ತೆಗೆದು ನೋಡಿ. ಎದೆಮಟ್ಟದ ದೊಡ್ಡ ತಾಮ್ರದ ಅಥವಾ ಬಿಳೀ ಸ್ಟೀಲ್ ಟ್ಯಾಂಕ್, ಮೈತುಂಬ ಫೋಮ್ ಹೊದ್ದಿರೋದು ಇದ್ರೆ ಅದೇ ಹಾಟ್ ವಾಟರ್ ಸಿಲಿಂಡರ್. ಅಂದ್ರೆ ನಿಮ್ಮದು ನೀರು ಕಾಯಿಸಿ ಶೇಖರಿಸೋ ಸಿಸ್ಟಂ. ಆ ಕಪಾಟಿಗೆ ಏರಿಂಗ್ ಕಬೋರ್ಡ್ ಅಂತಾರೆ, ಬೆಚ್ಚಗಿರತ್ತೆ, ಡಿಸೆಂಬರಲ್ಲೂ ದೋಸೆಹಿಟ್ಟು ಹುಳಿ ಬರೋದು ಅಲ್ಲೇ.

ಟ್ಯಾಂಕ್ ಎಲ್ಲೂ ಇಲ್ಲ, ಅಡುಗೆಮನೆ ಗೋಡೇಲಿ ಒಂದು ಬಿಳೀ ಡಬ್ಬ ಮಾತ್ರ, ಬಿಸಿನೀರಿನ ನಲ್ಲಿ ತಿರುಗಿಸಿದ ತಕ್ಷಣ ಅದು ಗುರ್ ಅನ್ನತ್ತೆ ಅಂದ್ರೆ ಕಾಂಬಿ ಬಾಯ್ಲರ್. ಇಲ್ಲಿ ನೀರು ಹರಿಯೋವಾಗಲೇ ಕಾಯತ್ತೆ, ಊರಿನ ಸ್ಟೋರೇಜ್ ಗೀಸರ್ ತರ ಹತ್ತು ನಿಮಿಷ ಮುಂಚೆ ಸ್ವಿಚ್ ಹಾಕೋ ಕೆಲಸ ಇಲ್ಲ.

ಸಿಲಿಂಡರ್ ಇದ್ರೆ ಅದರ ಹತ್ರ ಪೈಪ್ ಮೇಲೆ ಕೂತಿರೋ ಲೋಹದ ಪೆಟ್ಟಿಗೆಗಳನ್ನೂ ಎಣಿಸಿಕೊಳ್ಳಿ. ಅವು ಮೋಟಾರ್ ವಾಲ್ವ್‌ಗಳು. ಎರಡೆರಡು ಪೈಪ್ ಸೇರೋ ವಾಲ್ವ್ ಎರಡಿದ್ರೆ ಎಸ್ ಪ್ಲಾನ್, ಮೂರು ಪೈಪ್ ಸೇರೋ ವಾಲ್ವ್ ಒಂದೇ ಇದ್ರೆ ವೈ ಪ್ಲಾನ್. ಎಂಜಿನಿಯರ್‌ಗೆ ಫೋನಲ್ಲಿ ಈ ಒಂದು ಪದ ಹೇಳಿದ್ರೆ ಅರ್ಧ ಮಾತುಕತೆ ಮುಗೀತು.

## ಹಂತ 2: ನೀರಿನ ಪ್ರೆಷರ್, ಗಾಳಿ, ಗಡಿಯಾರ

ಸೆಟ್ಟಿಂಗ್‌ಗೆ ಕೈ ಹಾಕೋ ಮುಂಚೆ ಬಾಯ್ಲರ್ ತಣ್ಣಗಿರೋವಾಗ ಪ್ರೆಷರ್ ನೋಡಿ. ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಬಿಸಿ ಆದಾಗ 2ರ ಹತ್ರ ಹೋದ್ರೆ ಗಾಬರಿ ಬೇಡ. 3 ಬಾರ್‌ಗೆ ಸೇಫ್ಟಿ ವಾಲ್ವ್ ತಾನೇ ತೆರೆದು ನೀರು ಹೊರಗೆ ಬಿಡತ್ತೆ. (ಲಾಫ್ಟಲ್ಲಿ ಪುಟ್ಟ ಫೀಡ್ ಟ್ಯಾಂಕ್ ಇರೋ ಹಳೇ ಸಿಸ್ಟಂಗಳಲ್ಲಿ ಈ ಗೇಜೇ ಇರಲ್ಲ, ಹುಡುಕಬೇಡಿ.)

ರೇಡಿಯೇಟರ್‌ನ ಮೇಲ್ಭಾಗ ತಣ್ಣಗೆ, ಕೆಳಗೆ ಬಿಸಿ ಇದ್ರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆಫ್ ಮಾಡಿ, ತಣ್ಣಗಾದ ಮೇಲೆ ಟವೆಲ್ ಹಿಡಿದು, ಮೇಲ್ತುದೀಲಿರೋ ಚೌಕದ ಮೊಳೆಯನ್ನ ಕೀಯಿಂದ ಕಾಲು ಸುತ್ತು ಬಿಚ್ಚಿ. ಸುಂಯ್ ಅಂತ ಗಾಳಿ ಹೋಗಿ ನೀರು ಹನಿಸಿದ ಕೂಡ್ಲೇ ಬಿಗಿ ಮಾಡಿ. ಕೆಳಮಹಡಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ.

ಗಾಳಿ ಬಿಟ್ಟ ಮೇಲೆ ಪ್ರೆಷರ್ ಇಳಿಯತ್ತೆ, ಅದನ್ನ ಫಿಲ್ಲಿಂಗ್ ಲೂಪ್ ಅನ್ನೋ ಬೆಳ್ಳಿ ಬಣ್ಣದ ಹೆಣೆದ ಪೈಪಿಂದ ತುಂಬಬೇಕು. ವಾಲ್ವ್ ನಿಧಾನಕ್ಕೆ ತೆರೆದು 1.3ರ ಹತ್ರ ಬಂದಾಗ ಎರಡೂ ಕಡೆ ಪೂರ್ತಿ ಮುಚ್ಚಿ. ಒಂದನ್ನ ಅರ್ಧ ತೆರೆದು ಬಿಟ್ರೆ ಪ್ರೆಷರ್ ಏರ್ತಾ ಹೋಗಿ ಹೊರಗೋಡೆಯ ಪುಟ್ಟ ತಾಮ್ರದ ಪೈಪಿಂದ ನೀರು ಸುರಿಯತ್ತೆ. ವಾರಕ್ಕೊಂದು ಸಲ ತುಂಬಬೇಕಾಗ್ತಿದೆ ಅಂದ್ರೆ ಲೀಕ್ ಇದೆ ಅಥವಾ ಎಕ್ಸ್‌ಪ್ಯಾನ್ಶನ್ ವೆಸೆಲ್ (ಬಿಸಿಯಾಗಿ ಹಿಗ್ಗೋ ನೀರಿಗೆ ಜಾಗ ಕೊಡೋ ಪುಟ್ಟ ಟ್ಯಾಂಕ್) ಹೋಗಿದೆ, ತುಂಬ್ತಾ ಕೂರಬೇಡಿ, ತೋರಿಸಿ.

ಗಡಿಯಾರ ಯಾರೂ ನೋಡಲ್ಲ. ಮಾರ್ಚ್ ಕೊನೇ ಭಾನುವಾರ ಮತ್ತು ಅಕ್ಟೋಬರ್ ಕೊನೇ ಭಾನುವಾರ ಇಲ್ಲಿ ಸಮಯ ಬದಲಾಗತ್ತೆ, ಹಳೇ ಪ್ರೋಗ್ರಾಮರ್ (ಹೀಟಿಂಗ್, ಬಿಸಿನೀರಿನ ಸಮಯ ಸೆಟ್ ಮಾಡೋ ಟೈಮರ್) ತಾನಾಗಿ ಬದಲಾಗಲ್ಲ. ಬೆಳಿಗ್ಗೆ 6ಕ್ಕೆ ಬರಬೇಕಾದ ಹೀಟಿಂಗ್ 5ಕ್ಕೇ ಬರ್ತಿದ್ರೆ ಕಾರಣ ಇಷ್ಟೇ. ಎಎಂ, ಪಿಎಂ ಉಲ್ಟಾ ಇರೋ ಪ್ರೋಗ್ರಾಮರ್‌ಗಳೂ ಬೇಕಾದಷ್ಟು.

## ಹಂತ 3: ಬಿಸಿನೀರಿನ ಟೆಂಪರೇಚರ್

ಕಾಂಬಿ ಆದ್ರೆ ನಲ್ಲಿ ಚಿತ್ರ ಇರೋ ನಾಬ್ ಅಥವಾ ಮೆನುವನ್ನ 48-50 ಡಿಗ್ರಿಗೆ ಇಡಿ. ಶವರ್‌ಗೆ ಬೇಕಾಗೋದು 40 ಚಿಲ್ಲರೆ. 60ಕ್ಕೆ ಇಟ್ಟು ಆಮೇಲೆ ತಣ್ಣೀರು ಬೆರೆಸೋದು ದಂಡ, ಲಂಡನ್ ಕಡೆ ಗಡಸು ನೀರಿರೋ ಜಾಗಗಳಲ್ಲಿ ಒಳಗಿನ ಪ್ಲೇಟ್‌ಗೆ ಸುಣ್ಣ ಕಟ್ಟೋದೂ ಬೇಗ.

ಸ್ನಾನದ ಮಧ್ಯೆ ನೀರು ತಣ್ಣಗಾಗೋ ದೂರಿನ ಮೂಲ ಎಷ್ಟೋ ಮನೆಗಳಲ್ಲಿ ಇದೇ. ಕಾಂಬಿ ಬಾಯ್ಲರ್ ಹೊತ್ತಿಕೊಳ್ಳೋಕೆ ಕನಿಷ್ಠ ಹರಿವು ಬೇಕು, ಹೆಚ್ಚಿನವಕ್ಕೆ ನಿಮಿಷಕ್ಕೆ ಸುಮಾರು 2-2.5 ಲೀಟರ್. ನೀರು ಸುಡ್ತಿದೆ ಅಂತ ಬಿಸಿನಲ್ಲಿ ಸಣ್ಣ ಮಾಡಿ ತಣ್ಣೀರು ಜಾಸ್ತಿ ಮಾಡ್ತೀರ, ಬಿಸಿ ಕಡೆಯ ಹರಿವು ಆ ಮಟ್ಟಕ್ಕಿಂತ ಕೆಳಗೆ ಹೋಗತ್ತೆ, ಬರ್ನರ್ ಆಫ್ ಆಗತ್ತೆ, ತಲೆ ಮೇಲೆ ಐಸ್ ನೀರು. ನಾಬ್‌ನಲ್ಲೇ ಟೆಂಪರೇಚರ್ ಇಳಿಸಿದ್ರೆ ಬಿಸಿನಲ್ಲಿ ಜೋರಾಗಿ ಬಿಡಬಹುದು, ಬರ್ನರ್ ಉರೀತಾ ಇರತ್ತೆ. ನೀರು ಉಳಿಸೋಣ ಅಂತ ಬಕೆಟ್‌ಗೆ ಸಣ್ಣಗೆ ಬಿಟ್ಟು ತುಂಬೋ ನಮ್ಮ ಅಭ್ಯಾಸವೂ ಕಾಂಬಿಗೆ ಆಗಿಬರಲ್ಲ.

ಇನ್ನೊಂದು ಮಿತಿಯೂ ತಿಳ್ಕೊಂಡಿರಿ. 24 ಕಿಲೋವ್ಯಾಟ್ ಕಾಂಬಿ, ಬರೋ ನೀರಿಗಿಂತ 35 ಡಿಗ್ರಿ ಜಾಸ್ತಿ ಕಾಯಿಸಬೇಕಾದ್ರೆ, ಕೊಡೋದು ನಿಮಿಷಕ್ಕೆ ಹತ್ತಿರ ಹತ್ತಿರ 10 ಲೀಟರ್. ಜನವರೀಲಿ ಮೇನ್ಸ್ ನೀರು ಇನ್ನೂ ತಣ್ಣಗಿರೋದ್ರಿಂದ ಅದೂ ಕಮ್ಮಿ. ಅಷ್ಟರಲ್ಲಿ ಎರಡು ಶವರ್ ಒಟ್ಟಿಗೆ ಓಡಿಸೋಕಾಗಲ್ಲ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಪ್ರೀಹೀಟ್ ಅಥವಾ ಕಂಫರ್ಟ್ ಮೋಡ್ ಅಂತ ಒಂದಿರತ್ತೆ. ನಲ್ಲಿ ತಿರುಗಿಸಿದ ತಕ್ಷಣ ಬಿಸಿ ಬರಲಿ ಅಂತ ಬಾಯ್ಲರ್ ಆಗಾಗ ತಾನೇ ಹೊತ್ತಿ ಒಳಗಿನ ನೀರು ಕಾಯಿಸಿಟ್ಕೊಳ್ಳತ್ತೆ, ನೀವು ಮಲಗಿದ್ರೂ. ಆಫ್ ಮಾಡಿ ಇಕೋಗೆ ಹಾಕಿ. ಬಿಸಿನೀರು ಬರೋದು ಸ್ವಲ್ಪ ತಡ ಆಗತ್ತೆ, ನನ್ನ ಪ್ರಕಾರ ಅಡ್ಡಿಯಿಲ್ಲ.

ಸಿಲಿಂಡರ್ ಆದ್ರೆ ಲೆಕ್ಕ ಪೂರ್ತಿ ಬೇರೆ. ಸಿಲಿಂಡರ್ ಮೈಗೆ, ಕೆಳಗಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ, ಬೆಲ್ಟ್‌ನಲ್ಲಿ ಕಟ್ಟಿರೋ ಪುಟ್ಟ ಡಬ್ಬವೇ ಸಿಲಿಂಡರ್ ಥರ್ಮೋಸ್ಟಾಟ್. ಅದನ್ನ 60ಕ್ಕೆ ಇಡಿ. ಇಲ್ಲಿ ಉಳಿತಾಯಕ್ಕೆ ಅಂತ 45-50ಕ್ಕೆ ಇಳಿಸಬೇಡಿ. ಲೀಜನೆಲ್ಲ ಅನ್ನೋ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನಿಂತ ನೀರಲ್ಲಿ ಬೆಳೆಯತ್ತೆ, 60ರಲ್ಲಿ ಸಾಯತ್ತೆ. ಆದ್ರೆ 60ರ ನೀರು ಚರ್ಮ ಸುಡೋಕೆ ಕೆಲವೇ ಸೆಕೆಂಡ್ ಸಾಕು, ಮಕ್ಕಳು, ವಯಸ್ಸಾದವರು ಇರೋ ಮನೆ ಆದ್ರೆ ನಲ್ಲಿ ಹತ್ರ ತಣ್ಣೀರು ಬೆರೆಸಿ ಬಿಸಿ ಇಳಿಸೋ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಸಿಲಿಂಡರ್‌ಗೆ ದಿನಕ್ಕೆ ಒಂದು ಗಂಟೆ ಬೆಳಿಗ್ಗೆ, ಬೇಕಾದ್ರೆ ಸಂಜೆ ಇನ್ನೊಂದು, ಇದರಿಂದ ಶುರು ಮಾಡಿ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ದೀಪಾವಳಿ ಎಣ್ಣೆಸ್ನಾನ, ಒಬ್ಬರಾದ ಮೇಲೊಬ್ಬರು ಅನ್ನೋ ದಿನ ಮಾತ್ರ ಜಾಸ್ತಿ ಮಾಡಿ. ಹಾಗೇ ಇಮ್ಮರ್ಶನ್ ಅಂತ ಬರೆದಿರೋ ಸ್ವಿಚ್ ಆಫ್ ಇದೆಯಾ ನೋಡಿ. ಅದು ಸಾಮಾನ್ಯವಾಗಿ 3 ಕಿಲೋವ್ಯಾಟ್ ಕರೆಂಟ್ ಹೀಟರ್, ಬಾಯ್ಲರ್ ಕೆಟ್ಟಾಗಿನ ಆಪದ್ಧನ. ಇಲ್ಲಿ ಕರೆಂಟ್ ಯೂನಿಟ್ ದರ ಗ್ಯಾಸ್‌ಗಿಂತ ಸುಮಾರು ನಾಲ್ಕು ಪಟ್ಟು, ಹಿಂದಿನ ಬಾಡಿಗೆದಾರರು ಆನ್ ಮಾಡಿಟ್ಟು ಹೋಗಿದ್ರೆ ನೀವೇ ಕಟ್ತಿರ್ತೀರ.

## ಹಂತ 4: ಫ್ಲೋ ಟೆಂಪರೇಚರ್, ಎಲ್ಲರೂ ಬಿಟ್ಟುಬಿಡೋ ಸೆಟ್ಟಿಂಗ್

ಬಾಯ್ಲರ್ ಮೇಲೆ ರೇಡಿಯೇಟರ್ ಚಿತ್ರದ ನಾಬ್ ಇರತ್ತಲ್ಲ, ಅದು ರೂಮಿನ ಬಿಸಿ ಅಲ್ಲ, ರೇಡಿಯೇಟರ್‌ಗಳಿಗೆ ಕಳಿಸೋ ನೀರಿನ ಬಿಸಿ. ತುಂಬಾ ಮನೆಗಳಲ್ಲಿ ಹಾಕಿಸಿದ ದಿನದಿಂದ 75-80ರಲ್ಲೇ ಕೂತಿರತ್ತೆ.

ಈಗಿನ ಬಾಯ್ಲರ್‌ಗಳೆಲ್ಲ ಕಂಡೆನ್ಸಿಂಗ್ ಬಾಯ್ಲರ್. ಹೊಗೆಯಲ್ಲಿರೋ ನೀರಾವಿಯನ್ನ ಮತ್ತೆ ನೀರು ಮಾಡಿ ಅದರ ಶಾಖವನ್ನೂ ಎಳ್ಕೊಳ್ಳತ್ತೆ. ಆದ್ರೆ ಅದು ಆಗಬೇಕಂದ್ರೆ ರೇಡಿಯೇಟರ್‌ಗಳಿಂದ ವಾಪಸ್ ಬರೋ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. 80 ಕಳಿಸಿದ್ರೆ 60-65 ವಾಪಸ್ ಬರತ್ತೆ, ಆ ಶಾಖವೆಲ್ಲ ಚಿಮಣಿಯಿಂದ ಪಕ್ಕದ ಗಾರ್ಡನ್‌ಗೆ. ಇಂಗ್ಲೆಂಡಿನ ಬಿಲ್ಡಿಂಗ್ ನಿಯಮ 2022ರ ಜೂನ್‌ನಿಂದ ಪೂರ್ತಿ ಹೊಸದಾಗಿ ಹಾಕೋ ಹೀಟಿಂಗ್ ಸಿಸ್ಟಂಗಳನ್ನ 55 ಅಥವಾ ಅದಕ್ಕಿಂತ ಕಮ್ಮಿ ಫ್ಲೋಗೆ ಡಿಸೈನ್ ಮಾಡಿ ಅನ್ನತ್ತೆ, ಕಾರಣ ಇದೇ.

ಮಾಡೋ ರೀತಿ:

1. ಕಾಂಬಿ ಆದ್ರೆ ಹೀಟಿಂಗ್ ಫ್ಲೋ 60ಕ್ಕೆ ಇಳಿಸಿ. ಡಿಗ್ರಿ ಬರೆದಿರದ ನಾಬ್ ಆದ್ರೆ ಮಧ್ಯಕ್ಕಿಂತ ತುಸು ಮೇಲೆ ಇಟ್ಟು, ತಿರುಗಿಸುವಾಗ ಡಿಸ್‌ಪ್ಲೇನಲ್ಲಿ ನಂಬರ್ ಬರತ್ತಾ ನೋಡಿ.
2. ಮೂರ್ನಾಲ್ಕು ದಿನ ಬೇರೆ ಏನೂ ಬದಲಿಸದೆ ಬಿಡಿ.
3. ಮನೆ ಆರಾಮಾಗಿ ಬೆಚ್ಚಗಾಗ್ತಿದ್ರೆ 55. ಹೊರಗೆ ಸೊನ್ನೆ ಡಿಗ್ರಿ ಇರೋ ದಿನ 20 ಮುಟ್ಟೋಕೆ ಒದ್ದಾಡ್ತಿದ್ರೆ 65. ಐದೈದೇ ಡಿಗ್ರಿ.

ರೇಡಿಯೇಟರ್ ಮುಟ್ಟಿದ್ರೆ ಮೊದಲಿನಷ್ಟು ಸುಡಲ್ಲ, ಆಗ ಕೆಟ್ಟೋಯ್ತು ಅಂತ ಮತ್ತೆ 80 ಮಾಡಿಬಿಡ್ತಾರೆ. ಕೈಯಲ್ಲಿ ಮುಟ್ಟಿ ತೀರ್ಮಾನ ಮಾಡಬೇಡಿ, ರೂಮಿನ ಥರ್ಮಾಮೀಟರ್ ನೋಡಿ. ಬಿಸಿ ನಿಧಾನಕ್ಕೆ ಏರತ್ತೆ, ಅಷ್ಟಕ್ಕೆ ಹೀಟಿಂಗ್ ಅರ್ಧ ಗಂಟೆ ಮುಂಚೆ ಶುರು ಮಾಡಿ.

ಸಿಲಿಂಡರ್ ಇರೋರು ಇಲ್ಲಿ ನಿಲ್ಲಿ. ಎಸ್ ಪ್ಲಾನ್, ವೈ ಪ್ಲಾನ್ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ಫ್ಲೋ ಟೆಂಪರೇಚರ್ ರೇಡಿಯೇಟರ್‌ಗೂ ಸಿಲಿಂಡರ್‌ಗೂ ಹೋಗತ್ತೆ. ಫ್ಲೋ 55, ಸಿಲಿಂಡರ್ 60 ಅಂತಿಟ್ರೆ ಸಿಲಿಂಡರ್ ಯಾವತ್ತೂ 60 ಮುಟ್ಟಲ್ಲ, ಆ ಟೈಮಿಂಗ್ ಮುಗಿಯೋವರೆಗೂ ಬಾಯ್ಲರ್ ಹೊತ್ತಿ ಆರಿ ಮಾಡ್ತಾನೇ ಇರತ್ತೆ. ನಿಮಗೆ 65-70 ಬೇಕೇಬೇಕು. ಬಿಸಿನೀರಿಗೊಂದು, ಹೀಟಿಂಗ್‌ಗೊಂದು ಬೇರೆ ಟೆಂಪರೇಚರ್ ಕಳಿಸೋ ಹಾಟ್ ವಾಟರ್ ಪ್ರಯಾರಿಟಿ ಅನ್ನೋ ವ್ಯವಸ್ಥೆ ಕೆಲವು ಬಾಯ್ಲರ್‌ಗಳಿಗೆ ಹಾಕಿಸಬಹುದು, ಮುಂದಿನ ಸರ್ವಿಸಲ್ಲಿ ಕೇಳಿ.

ಅದೇ ಸರ್ವಿಸಲ್ಲಿ ಕೇಳಬೇಕಾದ ಇನ್ನೊಂದು: ಹೀಟಿಂಗ್ ಔಟ್‌ಪುಟ್ ಇಳಿಸೋದು. ಎರಡು ಬೆಡ್‌ರೂಮಿನ ಫ್ಲಾಟ್‌ಗೆ ಚಳಿಗಾಲದಲ್ಲೂ ಐದಾರು ಕಿಲೋವ್ಯಾಟ್ ಸಾಕಾಗಬಹುದು, ಬಾಯ್ಲರ್ 24-30ರದ್ದು, ಯಾಕಂದ್ರೆ ಶವರ್‌ಗೆ ಅಷ್ಟು ಬೇಕು. ಎರಡು ನಿಮಿಷ ಉರಿದು ಆರಿ ಮತ್ತೆ ಉರಿಯೋದು ಕಂಡ್ರೆ ಎಂಜಿನಿಯರ್ ಒಂದು ಪ್ಯಾರಾಮೀಟರ್ ಬದಲಿಸಿ ಹೀಟಿಂಗ್ ಕಡೆಯದನ್ನ ಮಾತ್ರ ಇಳಿಸಬಹುದು, ಶವರ್‌ಗೆ ಪೂರ್ತಿ ಶಕ್ತಿ ಹಾಗೇ ಇರತ್ತೆ.

## ಹಂತ 5: ರೂಮ್ ಥರ್ಮೋಸ್ಟಾಟ್ ಮತ್ತು ಟೈಮಿಂಗ್

ಇದು ಆನ್-ಆಫ್ ನಿರ್ಧಾರ ಮಾಡೋದು. 30ಕ್ಕೆ ತಿರುಗಿಸಿದ್ರೆ ಮನೆ ಬೇಗ ಬಿಸಿ ಆಗಲ್ಲ, ಅದು ಆಟೋ ಆಕ್ಸಿಲರೇಟರ್ ಅಲ್ಲ. 20 ಮುಟ್ಟೋಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು, ಆಮೇಲೆ ನಿಲ್ಲದೆ ಹೋಗ್ತಿರತ್ತೆ ಅಷ್ಟೇ.

ವೈರ್‌ಲೆಸ್ ಥರ್ಮೋಸ್ಟಾಟ್ ಆದ್ರೆ ಜಾಗ ಮೊದಲು ಸರಿ ಮಾಡಿ. ನೀವು ಜಾಸ್ತಿ ಹೊತ್ತು ಕೂರೋ ರೂಮು, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರ, ಬಿಸಿಲು ಬೀಳಬಾರದು, ಟಿವಿ ಪಕ್ಕ ಬೇಡ, ದೇವರ ದೀಪದ ಮೇಲಿನ ಗೋಡೆ ಬೇಡ, ಅಡುಗೆಮನೆಯಂತೂ ಬೇಡವೇ ಬೇಡ. ಒಗ್ಗರಣೆ ಶಾಖಕ್ಕೆ ಅದು ಮನೆ ಬೆಚ್ಚಗಾಯ್ತು ಅಂದ್ಕೊಂಡು ಬಾಯ್ಲರ್ ಆರಿಸಿದ್ರೆ ಮಗು ಮಲಗಿರೋ ರೂಮು ತಣ್ಣಗೆ.

ಟೆಂಪರೇಚರ್ 19-20ರಿಂದ ಶುರು ಮಾಡಿ, ರಾತ್ರಿ 16-17. ವಯಸ್ಸಾದವರು ಅಥವಾ ಹುಷಾರಿಲ್ಲದವರು ಇದ್ರೆ 18ಕ್ಕಿಂತ ಇಳಿಸಬೇಡಿ, ಇಲ್ಲಿನ ಆರೋಗ್ಯ ಇಲಾಖೆಯೂ ಅದನ್ನೇ ಹೇಳತ್ತೆ. ಏಳೋದಕ್ಕೆ 45 ನಿಮಿಷ ಮುಂಚೆ ಆನ್, ಮನೆ ಬಿಡೋದಕ್ಕೆ ಅರ್ಧ ಗಂಟೆ ಮುಂಚೆ ಆಫ್. ಸದಾ ಆನ್ ಇಟ್ರೆ ಉಳಿತಾಯ ಅನ್ನೋ ವಾದ ವಾಟ್ಸಾಪ್‌ನಲ್ಲಿ ಓಡಾಡ್ತಾ ಇರತ್ತೆ. ಮಾಮೂಲಿ ಗ್ಯಾಸ್ ಬಾಯ್ಲರ್ ಮನೇಲಿ, ದಿನವಿಡೀ ಯಾರೂ ಇಲ್ಲದಾಗ, ಅದು ಸುಳ್ಳು.

ಹೊಸ ಸ್ಮಾರ್ಟ್ ಥರ್ಮೋಸ್ಟಾಟ್ ತರೋ ಮುಂಚೆ: ಸಿಲಿಂಡರ್ ಇದ್ರೆ ಹೀಟಿಂಗ್, ಬಿಸಿನೀರು ಎರಡನ್ನೂ ನಡೆಸೋ ಡ್ಯುಯಲ್ ಚಾನೆಲ್ ರಿಸೀವರ್ ಬೇಕು, ಕಾಂಬಿಗೆ ಸಿಂಗಲ್ ಸಾಕು. ಇದು ತಪ್ಪಿ ತಂದು ವಾಪಸ್ ಕೊಡೋರು ಬೇಕಾದಷ್ಟು ಜನ. ವೈರಿಂಗ್ ವಿಷಯದಲ್ಲಿ ಎರಡು ಅಪಾಯ. ಬಾಯ್ಲರ್‌ನ ಕಡಿಮೆ ವೋಲ್ಟೇಜ್ ಟರ್ಮಿನಲ್‌ಗೆ 230 ವೋಲ್ಟ್ ಕೊಟ್ರೆ ಸರ್ಕ್ಯೂಟ್ ಬೋರ್ಡ್ ಅಲ್ಲೇ ಖತಂ. ಇನ್ನೊಂದು, ಥರ್ಮೋಸ್ಟಾಟ್ ಇಲ್ಲದೆ ಓಡಲಿ ಅಂತ ಫ್ಯಾಕ್ಟರೀಲಿ ಹಾಕಿರೋ ಲಿಂಕ್ ವೈರ್ ತೆಗೀದೇ ಹೋದ್ರೆ ನೀವು ಥರ್ಮೋಸ್ಟಾಟ್ ಏನೇ ಮಾಡಿದ್ರೂ ಬಾಯ್ಲರ್ ಉರೀತಾನೇ ಇರತ್ತೆ. ಎರಡೂ ಕವರ್ ಒಳಗಿನ ಕೆಲಸ, ಆದ್ದರಿಂದ ಹಣ ಕೊಟ್ಟು ಹಾಕಿಸಿ.

## ಹಂತ 6: ರೇಡಿಯೇಟರ್ ವಾಲ್ವ್‌ಗಳು

ರೇಡಿಯೇಟರ್ ತುದೀಲಿ, ರೂಮಿನ ಬಿಸಿ ನೋಡಿ ತಾನೇ ತೆರೆದು ಮುಚ್ಚೋ ವಾಲ್ವ್‌ಗೆ ಟಿಆರ್‌ವಿ ಅಂತಾರೆ. ಒಂದರಿಂದ ಐದರವರೆಗೆ ನಂಬರ್ ಇರೋ ಟಿಆರ್‌ವಿಗಳಲ್ಲಿ 3 ಅಂದ್ರೆ ಸರಿಸುಮಾರು 20 ಡಿಗ್ರಿ. ಬೆಡ್‌ರೂಮ್ 2-3, ಬಳಸದ ರೂಮ್ 1. ಪೂರ್ತಿ ಸೊನ್ನೆ ಬೇಡ, ತೇವ ಹಿಡಿದು ಮೂಲೇಲಿ ಕಪ್ಪು ಬೂಷ್ಟು ಬರತ್ತೆ.

ಥರ್ಮೋಸ್ಟಾಟ್ ಇರೋ ರೂಮಿನ ಟಿಆರ್‌ವಿ ಮಾತ್ರ ಪೂರ್ತಿ ತೆರೆದಿಡಿ. ಅದನ್ನ 2ಕ್ಕೆ ಇಟ್ಟು ಥರ್ಮೋಸ್ಟಾಟ್ 21 ಕೇಳ್ತಿದ್ರೆ ಆ ರೂಮು ಯಾವತ್ತೂ 21 ಆಗಲ್ಲ, ಬಾಯ್ಲರ್ ಯಾವತ್ತೂ ನಿಲ್ಲಲ್ಲ. ಇಬ್ಬರೂ ಜಗಳ ಆಡ್ತಿರೋದು ಬಿಲ್‌ನಲ್ಲಿ ಕಾಣತ್ತೆ.

ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ ಹಾಕಿದ್ರೆ ಅಥವಾ ವಾಲ್ವ್ ಮೇಲೆ ಉದ್ದ ಪರದೆ ಬಿದ್ದಿದ್ರೆ ಟಿಆರ್‌ವಿ ಸುತ್ತ ಮಾತ್ರ ಬಿಸಿ ನಿಂತು ಅದು ಬೇಗ ಮುಚ್ಕೊಳ್ಳತ್ತೆ. ಬಾಯ್ಲರ್ ಹತ್ರದ ರೇಡಿಯೇಟರ್ ಕೆಂಡ, ದೂರದ್ದು ಉಗುರುಬೆಚ್ಚಗೆ ಇದ್ರೆ ಬ್ಯಾಲೆನ್ಸಿಂಗ್ ಬೇಕು, ಅಂದ್ರೆ ನೀರು ಎಲ್ಲದಕ್ಕೂ ಸರಿಯಾಗಿ ಹಂಚೋದು. ಬಿಸಿ ಜಾಸ್ತಿ ಇರೋದರ ಇನ್ನೊಂದು ತುದಿಯ ಮುಚ್ಚಳ ತೆಗೆದು ಲಾಕ್‌ಶೀಲ್ಡ್ ವಾಲ್ವ್ ಕಾಲು ಸುತ್ತು ಕಮ್ಮಿ ಮಾಡಿ, ಅರ್ಧ ಗಂಟೆ ಕಾದು ನೋಡಿ.

## ಹಂತ 7: ಪರೀಕ್ಷೆ

ಎಲ್ಲ ತಣ್ಣಗಿರೋ ಹೊತ್ತಲ್ಲಿ ಮಾಡಿ, ಇಲ್ಲಾಂದ್ರೆ ಏನೂ ಗೊತ್ತಾಗಲ್ಲ.

1. ಬಿಸಿನೀರು ಮಾತ್ರ ಆನ್ (ಕಾಂಬಿ ಆದ್ರೆ ಹೀಟಿಂಗ್ ಆಫ್ ಇಟ್ಟು ನಲ್ಲಿ ಐದು ನಿಮಿಷ ಬಿಡಿ). ರೇಡಿಯೇಟರ್ ತಣ್ಣಗೇ ಇರಬೇಕು. ಬೆಚ್ಚಗಾದ್ರೆ ಕಾಂಬಿಯಲ್ಲಿ ಡೈವರ್ಟರ್ ವಾಲ್ವ್ (ಬಾಯ್ಲರ್ ಶಾಖವನ್ನ ರೇಡಿಯೇಟರ್‌ಗೋ ನಲ್ಲಿ ನೀರಿಗೋ ತಿರುಗಿಸೋದು), ಸಿಲಿಂಡರ್ ಮನೇಲಿ ಮೋಟಾರ್ ವಾಲ್ವ್ ಸರಿಯಾಗಿ ಮುಚ್ತಿಲ್ಲ.
2. ಹೀಟಿಂಗ್ ಮಾತ್ರ ಆನ್. ರೇಡಿಯೇಟರ್ ಬಿಸಿ ಆಗಬೇಕು, ಸಿಲಿಂಡರ್ ಒಳಕ್ಕೆ ಹೋಗೋ ಪೈಪ್ ತಣ್ಣಗಿರಬೇಕು.
3. ಥರ್ಮೋಸ್ಟಾಟ್ 10ಕ್ಕೆ ಇಳಿಸಿ. ಬರ್ನರ್ ಆರಬೇಕು. ಪಂಪ್ ಕೆಲವು ನಿಮಿಷ ಓಡೋದು ಸಹಜ. ಬರ್ನರ್ ಆರದಿದ್ರೆ ವಾಲ್ವ್ ಒಳಗಿನ ಮೈಕ್ರೋಸ್ವಿಚ್ ಅಂಟಿಕೊಂಡಿರಬಹುದು ಅಥವಾ ಆ ಲಿಂಕ್ ವೈರ್ ಹಾಗೇ ಇರಬಹುದು.

## ಈ ಲಕ್ಷಣ ಕಂಡ್ರೆ ಸೆಟ್ಟಿಂಗ್ ಬಿಟ್ಟು ಫೋನ್ ಹಿಡಿಯಿರಿ

ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಯಾವುದನ್ನೂ ಮುಟ್ಟದೆ ಕಿಟಕಿ ತೆಗೆದು, ಮೀಟರ್ ಹತ್ರದ ವಾಲ್ವ್ ಮುಚ್ಚಿ, ಹೊರಗೆ ಹೋಗಿ 0800 111 999ಕ್ಕೆ ಕರೆ ಮಾಡಿ. ಬಾಯ್ಲರ್ ಸುತ್ತ ಮಸಿ, ಜೋಲುವ ಹಳದಿ ಜ್ವಾಲೆ, ಮನೆಯಲ್ಲಿದ್ದಾಗ ಮಾತ್ರ ಎಲ್ಲರಿಗೂ ತಲೆನೋವು-ವಾಕರಿಕೆ ಇದ್ರೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿರಬಹುದು, ಬಾಯ್ಲರ್ ಆರಿಸಿ ಹೊರಗೆ ಬಂದು ಅದೇ ನಂಬರ್‌ಗೆ ಹೇಳಿ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಯ್ಲರ್ ಇರೋ ರೂಮಲ್ಲಿ ಅದರ ಅಲಾರಂ ಹಾಕೋದು ಲ್ಯಾಂಡ್‌ಲಾರ್ಡ್ ಜವಾಬ್ದಾರಿ, ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ಟಿ ಚೆಕ್ ಮಾಡಿಸೋದೂ ಅವರದ್ದೇ, ಕೇಳೋಕೆ ಸಂಕೋಚ ಬೇಡ.

ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಅಂದು ನಿಂತುಹೋದ್ರೆ ಮಾತ್ರ ಎಂಜಿನಿಯರ್‌ಗೆ ದುಡ್ಡು ಕೊಡೋ ಮುಂಚೆ ಹೊರಗೆ ಹೋಗಿ ಬಾಯ್ಲರ್ ಒಳಗೆ ನೀರಾವಿಯಿಂದಾದ ನೀರು ಹೊರಗೆ ಬಿಡೋ ಬಿಳೀ ಪ್ಲಾಸ್ಟಿಕ್ ಕಂಡೆನ್ಸೇಟ್ ಪೈಪ್ ನೋಡಿ, ಒಳಗೆ ನೀರು ಹೆಪ್ಪುಗಟ್ಟಿರತ್ತೆ. ಬಿಸಿನೀರು ಸುರಿದು ಕರಗಿಸಿ, ಕುದಿಯೋ ನೀರಲ್ಲ, ಪೈಪ್ ಸೀಳತ್ತೆ. ಆಮೇಲೆ ರೀಸೆಟ್ ಬಟನ್ ಒಂದು ಸಲ. ಸಲಸಲಕ್ಕೂ ಲಾಕ್ ಆಗ್ತಿದ್ರೆ ರೀಸೆಟ್ ಒತ್ತುತ್ತಾ ಕೂರಬೇಡಿ, ಡಿಸ್‌ಪ್ಲೇ ಮೇಲಿನ ಕೋಡ್ ಫೋಟೋ ತೆಗೆದಿಟ್ಟು ಎಂಜಿನಿಯರ್‌ಗೆ ಕಳಿಸಿ.

## ರಜೆಗೆ ಊರಿಗೆ ಹೋಗೋವಾಗ, ಬೇಸಿಗೇಲಿ

ಡಿಸೆಂಬರಲ್ಲಿ ಮೂರು ವಾರ ಬೆಂಗಳೂರಿಗೆ ಹೊರಟ್ರೆ ಬಾಯ್ಲರ್ ಮೇನ್ ಸ್ವಿಚ್ ಆಫ್ ಮಾಡಬೇಡಿ, ಫ್ರಾಸ್ಟ್ ಪ್ರೊಟೆಕ್ಷನ್ ಕೆಲಸ ಮಾಡೋಕೆ ಕರೆಂಟೂ ಗ್ಯಾಸೂ ಬೇಕು. ಥರ್ಮೋಸ್ಟಾಟ್ 12ರ ಹತ್ರ ಇಟ್ಟು ಹೋಗಿ. ಸಿಲಿಂಡರ್‌ನ ಟೈಮಿಂಗ್ ಆಫ್ ಮಾಡಿ, ವಾಪಸ್ ಬಂದ ದಿನ 60ರವರೆಗೆ ಪೂರ್ತಿ ಕಾಯಿಸಿ, ಶವರ್ ತಲೆಯಿಂದ ದೂರ ನಿಂತು ಕೆಲವು ನಿಮಿಷ ಬಿಸಿನೀರು ಹರಿಯೋಕೆ ಬಿಟ್ಟು ಆಮೇಲೆ ಸ್ನಾನ ಮಾಡಿ.

ಮೇ ತಿಂಗಳಲ್ಲಿ ಹೀಟಿಂಗ್ ನಿಲ್ಲಿಸಿದಾಗ ಟಿಆರ್‌ವಿಗಳನ್ನೆಲ್ಲ 5ಕ್ಕೆ ತಿರುಗಿಸಿ ತೆರೆದಿಡಿ. ಮುಚ್ಚಿಟ್ರೆ ಒಳಗಿನ ಪಿನ್ ನಾಲ್ಕೈದು ತಿಂಗಳಲ್ಲಿ ಅಂಟಿಕೊಂಡು ಅಕ್ಟೋಬರಲ್ಲಿ ಆ ರೇಡಿಯೇಟರ್ ಬಿಸಿಯೇ ಆಗಲ್ಲ. ಹಾಗೇನಾದ್ರೂ ಆಗಿದ್ರೆ ತಲೆಯನ್ನ ಬಿಚ್ಚಿ, ಕೆಳಗೆ ಕಾಣೋ ಪುಟ್ಟ ಪಿನ್‌ನ ಮೆಲ್ಲಗೆ ಒತ್ತಿ ಬಿಡಿ, ಮತ್ತೆ ಮೇಲೆ ಚಿಮ್ಮಿದ್ರೆ ಸರಿಹೋಯ್ತು. ಇಕ್ಕಳದಲ್ಲಿ ಹಿಡಿದು ಎಳೆಯೋಕೆ ಹೋಗಬೇಡಿ, ಕಿತ್ತು ಬಂದ್ರೆ ಕಾರ್ಪೆಟ್ ಮೇಲೆಲ್ಲ ಕಪ್ಪು ನೀರು.